ಎಮ್ಮೆಯ ಹಾಲು ಮತ್ತು ಮನೆಯ ಮರ್ಯಾದೆ

ನನ್ನನ್ನು ಯಾರೂ ಕೊಂಡುಕೊಳ್ಳಲಾರರು ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ಅದು ಅಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ಮುಖ್ಯ ಕಾರಣ, ಕೊಳ್ಳಲು ಯಾರೂ ಬಾರದೇ ಇದ್ದದ್ದು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಆಸೆ ತೋರಿಸಿ ಯಾರಿಗೇನು ಲಾಭ? ಪರೀಕ್ಷೆ ಹತ್ತಿರವಾದಾಗ ಯಾರಾದರೂ ಒಂದು ಕುಂಬಳಕಾಯಿ ತಂದಿಟ್ಟು, "ನಮ್ಮ ಹುಡುಗನ್ನ ಸ್ವಲ್ಪ ನೋಡ್ಕಳ್ರಿ ಸಾರ್" ಎನ್ನುತ್ತಿದ್ದರು. ನಾನು ಹುಡುಗನನ್ನು ಚೆನ್ನಾಗಿಯೇ ನೋಡುತ್ತಿದ್ದೆ. ಅಂಕ ಮಾತ್ರ ಅವನು ಬರೆದಷ್ಟೇ. ಕುಂಬಳಕಾಯಿಯನ್ನು ನನ್ನ ಹೆಂಡತಿ ಸರೋಜ ಹುಳಿ ಮಾಡುತ್ತಿದ್ದಳು. ಹೀಗೆ ನಿಷ್ಪಕ್ಷಪಾತವೂ ಹುಳಿಯೂ ಒಂದೇ ಮನೆಯಲ್ಲಿ ಸುಖವಾಗಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ, ಪಶು ಆಹಾರದ ಕಂಪನಿಯವನೊಬ್ಬ ನಮ್ಮ ಸಾಸ್ವೆಹಳ್ಳಿಗೆ ಬಂದ.

ಅವನ ಹೆಸರು ಪ್ರಭಾಕರ. ಮೀಸೆ ಆಗತಾನೆ ದಟ್ಟವಾಗುತ್ತಿದ್ದ, ಬೆವರು ಒರೆಸಿಕೊಳ್ಳುತ್ತಲೇ ನಗುವ ಒಳ್ಳೆಯ ಹುಡುಗ. ಹೊನ್ನಾಳಿಯಿಂದ ಬಸ್ಸಿನ ಟಾಪಿನ ಮೇಲೆ ಚೀಲಗಳನ್ನು ಹೇರಿಕೊಂಡು ಬಂದಿದ್ದ. "ನಮ್ಮ ಹೊಸ ಪಶು ಆಹಾರ ಹಾಕಿದ್ರೆ ಎಮ್ಮೆ ಹಾಲು ಜಾಸ್ತಿ ಕೊಡುತ್ತೆ ಸಾರ್. ನೀವು ವಿಜ್ಞಾನದ ಪ್ರಕಾರ ಪ್ರಯೋಗ ಮಾಡಿ ವರದಿ ಬರೆದುಕೊಡ್ಬೇಕು. ನಿಮ್ಮ ಹೆಸರಲ್ಲೇ ಪ್ರಿಂಟ್ ಮಾಡಿಸಿ ಚನ್ನಗಿರಿ, ನ್ಯಾಮತಿ ಸಂತೇಲೆಲ್ಲ ಹಂಚ್ತೀವಿ" ಎಂದ. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಇನ್ನೆಲ್ಲೂ ಅಚ್ಚಾಗಿರಲಿಲ್ಲ. ಅದರಲ್ಲೂ ಇನಿಷಿಯಲ್ ತಪ್ಪಾಗಿತ್ತು. ಒಪ್ಪಿಕೊಂಡೆ. ಬೇಸಿಗೆಯಲ್ಲಿ ವರದಿ ಬರೆಯಲು ಕಷ್ಟವಾಗಬಾರದೆಂದು ಅವನು ಒಂದು ಟೇಬಲ್ ಫ್ಯಾನನ್ನೂ ತಂದುಕೊಟ್ಟ. ಅದು ಉಡುಗೊರೆಯಲ್ಲ, ಪ್ರಯೋಗದ ಉಪಕರಣ ಎಂದು ನಾನು ಕೂಡಲೇ ತೀರ್ಮಾನಿಸಿದೆ. ತೀರ್ಮಾನ ಮಾಡುವಾಗ ಫ್ಯಾನು ತಿರುಗುತ್ತಿತ್ತು. ತಂಪಾದ ತಲೆಗೆ ತೀರ್ಮಾನಗಳು ಎಷ್ಟು ಸಲೀಸಾಗಿ ಹೊಳೆಯುತ್ತವೆ ಎಂಬುದು ಆವತ್ತೇ ಗೊತ್ತಾದದ್ದು.

ಪ್ರಯೋಗದ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಎಮ್ಮೆಯಿದ್ದ ಮನೆಗಳ ಹೆಸರು ಬರೆದು ಚೀಟಿ ಎತ್ತಿಸಿದೆ. ಅರ್ಧ ಮನೆಗಳಿಗೆ ಕಂಪನಿಯ ಆಹಾರ ಪುಕ್ಕಟೆ. ಉಳಿದ ಮನೆಯವರು ಮಾಮೂಲಿನಂತೆ ಶೇಂಗಾ ಹಿಂಡಿಯನ್ನೇ ಹಾಕಬೇಕು. ಹಿಂಡಿ ಎಂದರೆ ನಮ್ಮೂರಲ್ಲಿ ಗಫಾರ್ ಸಾಬರ ಹಿಂಡಿ. ನಮ್ಮ ಪಕ್ಕದ ಮನೆಯಲ್ಲೇ ಅವರ ಎತ್ತಿನ ಗಾಣ. ಎಣ್ಣೆ ಮಾರಿ, ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಎಮ್ಮೆಯವರಿಗೆ ಮಾರಿ ಅವರ ಸಂಸಾರ ನಡೆಯುತ್ತಿತ್ತು. ಹೊಸ ಆಹಾರವೇ ಮೇಲು ಎಂದು ನನ್ನ ಹೆಸರಿನಲ್ಲಿ ಅಚ್ಚಾಗಿ ಬಂದರೆ ಆ ಹಿಂಡಿಯನ್ನು ಯಾರೂ ಕೇಳುವುದಿಲ್ಲ, ಗಾಣ ನಿಲ್ಲುತ್ತದೆ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸಾಲದ್ದಕ್ಕೆ ಚೀಟಿಯಲ್ಲಿ ಅವರ ಎಮ್ಮೆಗೇ ಕಂಪನಿಯ ಆಹಾರ ಬಂತು. ನಾನು ಮುಜುಗರದಿಂದ ಹೋಗಿ ಹೇಳಿದರೆ ಅವರು ನಕ್ಕರು. "ಇದ್ದದ್ದು ಇದ್ದಂಗೆ ಬರೀರಿ ಮೇಷ್ಟ್ರೇ. ಹಿಂಡಿ ಸೋತ್ರೆ ಗಾಣ ಬಿಚ್ಚಿ ಸೌದೆ ಮಾಡ್ಕಂತೀನಿ" ಎಂದರು. ನಕ್ಕರೇನೋ ಸರಿ, ಆದರೆ ಗಾಣದ ಎತ್ತಿನ ಕೊರಳನ್ನು ಬಹಳ ಹೊತ್ತು ನೀವುತ್ತ ನಿಂತಿದ್ದರು.

ದಿನಾ ಬೆಳಿಗ್ಗೆ ಎಲ್ಲರೂ ಹಾಲು ತಂದು ನಮ್ಮ ಜಗಲಿಯ ಮೇಲೆ ಅಳೆಸಿಕೊಂಡು ಹೋಗುತ್ತಿದ್ದರು. ಕಂಪನಿಯ ಆಹಾರ ತಿಂದ ಎಮ್ಮೆಗಳ ಹಾಲು ಏರಿತು. ಮತ್ತೂ ಏರಿತು. ಮುದಿಯಾಗಿ ಕರುವನ್ನೂ ಮರೆತಿದ್ದ ಎಮ್ಮೆಗಳೂ ಹುಮ್ಮಸ್ಸಿನಿಂದ ಹಾಲು ಕರೆಯತೊಡಗಿದವು. ನಮ್ಮ ಮನೆಯ ಎಮ್ಮೆಗೂ ಕಂಪನಿಯದೇ ಆಹಾರವಾದ್ದರಿಂದ ನನಗೆ ವಿಜ್ಞಾನಿಯ ಸಂತೋಷದ ಜೊತೆಗೆ ಯಜಮಾನನ ಸಂತೋಷವೂ ಸೇರಿತು. ಅದೇ ದಿನಗಳಲ್ಲಿ ಮನೆಯ ಕಾಫಿ ಏಕೋ ತೆಳ್ಳಗಾಯಿತು. ನಾನು ಕಾಫಿಪುಡಿಯವನನ್ನು ಬೈದೆ. ಶಾಲೆಯ ಕಪಾಟಿನಲ್ಲಿ, ಹಾಲಿಗೆ ನೀರು ಬೆರೆತಿದ್ದರೆ ಆಳಕ್ಕೆ ಮುಳುಗಿ ತೋರಿಸಿಕೊಡುವ ಲ್ಯಾಕ್ಟೋಮೀಟರ್ ಇತ್ತು. ಹಾಲು ಕಡಿಮೆ ಬಂದಿದ್ದರೆ ಅದನ್ನು ಖಂಡಿತ ಹೊರಗೆ ತೆಗೆಯುತ್ತಿದ್ದೆ. ಹೆಚ್ಚು ಬಂದದ್ದನ್ನು ಅನುಮಾನಿಸಿದರೆ ಎಮ್ಮೆಗೆ ಅವಮಾನ ಎನ್ನಿಸಿತು.

ವರದಿ ಸಿದ್ಧವಾಯಿತು. ಪ್ರಭಾಕರ ಬಂದು ಒಯ್ಯುವುದಕ್ಕೆ ಮೊದಲು ಸಹಿಯೊಂದು ಬಾಕಿ. ಪೆನ್ನು ಹಿಡಿದು ಕಾಫಿ ಗುಟುಕರಿಸಿದೆ. ಅದು ಕಾಫಿಯ ನೆನಪಿನಂತಿತ್ತು. "ಇದೇನೇ ಇದು, ತೊಳೆದ ನೀರು ಕೊಟ್ಟಿದೀಯಲ್ಲ!" ಎಂದು ಕೂಗಿದೆ.

ಸರೋಜ ಅಡುಗೆಮನೆಯಿಂದಲೇ ಉತ್ತರಿಸಿದಳು. "ಕಾಫಿಗೂ ಅದೇ ಹಾಲೇ ಅಲ್ವೇನ್ರಿ? ಬೇರೆ ಹಾಲು ಎಲ್ಲಿಂದ ತರಾಕೆ ಆಗ್ತೈತೆ?"

"ಅದೇ ಹಾಲಿಗೆ ಏನಾಗಿದೆ?"

"ನೀರು ಹಾಕೀನಿ. ಅಲ್ರೀ, ಆ ಹುಡುಗ ಬಿಸಿಲಲ್ಲಿ ಚೀಲ ಹೊತ್ಕಂಡು ಬಂದು ಪುಕ್ಕಟೆ ಕೊಟ್ಟಾನೆ. ಅವನ ಮುಂದೆ ನಮ್ಮನೆ ಎಮ್ಮೆ ಕಮ್ಮಿ ಹಾಲು ಕೊಟ್ರೆ ಹೆಂಗ್ರೀ? ಮನೆ ಮರ್ಯಾದೆ ಏನಾಗ್ಬೇಕು? ನಾನೊಬ್ಳೇ ಅಲ್ಲ, ಎಲ್ಲಾರೂ ಹಾಕ್ತಾರೆ."

ಓಡಿಹೋಗಿ ಲ್ಯಾಕ್ಟೋಮೀಟರ್ ತಂದೆ. ಮರುದಿನ ಬೆಳಿಗ್ಗೆ ಪುಕ್ಕಟೆ ಆಹಾರ ಪಡೆದವರ ಪಾತ್ರೆಗಳಿಗೆ ಒಂದೊಂದಾಗಿ ಇಳಿಬಿಟ್ಟೆ. ಪ್ರತಿ ಪಾತ್ರೆಯಲ್ಲೂ ನಾಚಿಕೆಯಿಲ್ಲದೆ ಮುಳುಗಿತು. ಹಿಂಡಿಯವರ ಹಾಲು ಮಾತ್ರ ಅಪ್ಪಟವಾಗಿತ್ತು. ಅವರಿಗೆ ಯಾರೂ ಏನೂ ಕೊಟ್ಟಿರಲಿಲ್ಲವಾದ್ದರಿಂದ ಅವರ ಎಮ್ಮೆಗಳಿಗೆ ಸುಳ್ಳು ಹೇಳುವ ದಾಕ್ಷಿಣ್ಯವಿರಲಿಲ್ಲ. ಕೊನೆಗೆ ಉಳಿದದ್ದು ಗಫಾರ್ ಸಾಬರ ಪಾತ್ರೆ. ಎಲ್ಲಕ್ಕಿಂತ ಆಳಕ್ಕೆ ಮುಳುಗಿದ್ದು ಅದರಲ್ಲೇ.

"ಏನ್ರೀ ಸಾಬ್ರೇ, ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕಂಡ್ರಲ್ರೀ!" ಎಂದೆ.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಏನ್ ಮಾಡಾಕೆ ಆಗ್ತೈತೆ ಮೇಷ್ಟ್ರೇ. ಆ ಹುಡುಗ ನಮ್ಮನೇಲಿ ಚಾ ಕುಡೀತಾ, ಇದು ಕೆಟ್ರೆ ನನ್ನ ಕೆಲ್ಸ ಹೋಗ್ತೈತೆ ಅಂದ. ಲಗ್ನ ಬೇರೆ ಗೊತ್ತಾಗೈತಂತೆ. ಗಾಣ ನಿಂತ್ರೂ ನಂಗೆ ಎತ್ತು ಐತೆ, ಯಾರ್ದಾದ್ರೂ ಹೊಲ ಹೂಡ್ಕಂಡು ಹೆಂಗೋ ಬದುಕ್ತೀನಿ. ಅವನಿಗೆ ಏನೈತೆ?"

ಈ ಮನುಷ್ಯನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಇಂಥ ಜನರನ್ನಿಟ್ಟುಕೊಂಡು ವಿಜ್ಞಾನ ಮಾಡುವುದು ಬಹಳ ಕಷ್ಟ. ಆದರೆ ಬದುಕುವುದಾದರೆ ಇವರ ಪಕ್ಕದ ಮನೆಯಲ್ಲೇ ಬದುಕಬೇಕು ಎನ್ನಿಸಿತು.

ಪ್ರಯೋಗವನ್ನು ಮತ್ತೆ ಮೊದಲಿಂದ ಮಾಡಿದೆ. ಈ ಸಲ ಕೊಟ್ಟಿಗೆಗಳಿಗೆ ನಾನೇ ಹೋಗಿ, ಪಾತ್ರೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕರೆಸಿದೆ. ಎರಡು ಆಹಾರಕ್ಕೂ ಹಾಲಿನಲ್ಲಿ ಏನೇನೂ ವ್ಯತ್ಯಾಸವಿರಲಿಲ್ಲ. ಹಾಗೆಯೇ ಬರೆದು, ಪ್ರಭಾಕರ ಬಂದಾಗ ಅಳುಕುತ್ತಲೇ ಕೈಗಿಟ್ಟೆ. "ನಿನ್ನ ಕೆಲಸಕ್ಕೆ ಏನಾದರೂ..." ಎಂದು ತಡವರಿಸಿದೆ.

"ಅಯ್ಯೋ, ಏನೂ ಆಗಲ್ಲ ಸಾರ್, ಮೊದ್ಲು ನಾನೂ ಸುಮ್ನೆ ಹೆದ್ರಿದ್ದೆ" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. "ಚೆನ್ನಾಗಿ ಬರದೇ ಇರೋ ವರದಿ ಎಲ್ಲ ಆಫೀಸಿನ ಕಪಾಟಿಗೆ ಹೋಗುತ್ತೆ. ಜಗಳೂರಿಂದ ಒಂದು ಬಹಳ ಚೆನ್ನಾಗಿರೋದು ಬಂದಿದೆಯಂತೆ. ನಮ್ಮ ಸಾಹೇಬ್ರು ಅದನ್ನೇ ಪ್ರಿಂಟ್ ಮಾಡಿಸ್ತಾರೆ."

ಜಗಳೂರಿನ ಜನ ನಮಗಿಂತಲೂ ಮರ್ಯಾದಸ್ಥರು ಎಂದು ಗೊತ್ತಾಯಿತು. ನನಗೆ ಸಿಟ್ಟು ಬಂತು. ಅವನು ಅಚ್ಚು ಹಾಕಿಸದಿದ್ದರೆ ಬೇಡ, ನಾಳೆ ಊರ ಕಟ್ಟೆಯ ಮೇಲೆ ಎಲ್ಲರೆದುರು ನಾನೇ ಓದುತ್ತೇನೆ ಎಂದೆ. ಫ್ಯಾನನ್ನು ಮೂಟೆ ಕಟ್ಟಿ ಅವನ ಬಸ್ಸಿನ ಮೇಲೆ ಹಾಕಿಸಿದೆ. ಸರೋಜ ಮದುವೆಯ ಹುಡುಗ ಎಂದು ಅವನಿಗೆ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನೂ ಕೊಟ್ಟಳು.

ವರದಿ ಓದುವ ಸುದ್ದಿ ಗಾಣದ ಮನೆಗೆ ತಲುಪಿತು. ಸಂಜೆ ಗಫಾರ್ ಸಾಬರು ಬಂದು, ಎಷ್ಟು ಬೇಡವೆಂದರೂ ಕೇಳದೆ, ಆಗತಾನೆ ತೆಗೆದ ಎಣ್ಣೆಯ ಡಬ್ಬವನ್ನು ನಡುಮನೆಯಲ್ಲಿಟ್ಟು ಹೊರಟುಹೋದರು. ಅವರ ಕಣ್ಣು ಒದ್ದೆಯಾಗಿತ್ತು. ಸರೋಜ ಅದೇ ಎಣ್ಣೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿಯಲು ಕೂತಳು. ನಾನು ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು, ಬೆಳಿಗ್ಗೆ ಓದಬೇಕಾದ ವರದಿಯನ್ನು ದುಂಡಗೆ ನಕಲು ಮಾಡತೊಡಗಿದೆ. 'ವ್ಯತ್ಯಾಸವಿಲ್ಲ' ಎಂಬ ಮಾತು ಯಾಕೋ ತೀರಾ ಒಣಒಣವಾಗಿ ಕಂಡಿತು. ಬಿಸಿ ಬಜ್ಜಿಯೊಂದನ್ನು ಮುಗಿಸಿ, ಅದರ ಕೆಳಗೆ ಹೀಗೆ ಸೇರಿಸಿದೆ: 'ಆದರೂ ಹಿಂಡಿ ತಿಂದ ಎಮ್ಮೆಗಳ ಕಣ್ಣಿನಲ್ಲಿ ಒಂದು ಬಗೆಯ ತೃಪ್ತಿ ಕಂಡುಬಂದಿತು.'

ಸರೋಜ ಜಾಲರಿ ಸೌಟು ಹಿಡಿದುಕೊಂಡೇ ಬಂದು ನನ್ನ ಭುಜದ ಮೇಲಿಂದ ಓದಿದಳು.

"ಇನ್ನೊಂದು ಬಜ್ಜಿ ಹಾಕ್ಲೇನ್ರಿ?" ಎಂದಳು. "ಕೋಡೂ ಹೊಳೀತಿದ್ವು ಅಂತ ಬರೀಬಹುದು."

ನಾನು ತಟ್ಟೆ ಮುಂದೆ ಹಿಡಿದೆ.