ಇಪ್ಪತ್ತು ನಿಮಿಷ ಕತ್ತರಿಸಿದ್ದರೆ

ಸತ್ಯವನ್ನು ಮುಖಕ್ಕೆ ಹೊಡೆದಂತೆ ಹೇಳುವವನು ನಾನು. ಆದರೆ ಕನ್ನಡದಲ್ಲಿ ಮಾತ್ರ. ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲಿರುವ ನಮ್ಮಂಥವರಿಗೆ ಇದೊಂದು ದೊಡ್ಡ ಸವಲತ್ತು. ಬೀದಿಯಲ್ಲಿ, ಕೆಲಸದಲ್ಲಿ ತಮಿಳು. ಅದರಲ್ಲಿ ಎಲ್ಲರಿಗೂ ಮರ್ಯಾದೆ, ಎಲ್ಲವೂ ಚೆನ್ನ. ಮನೆಯಲ್ಲಿ ಕನ್ನಡ; ಅದರಲ್ಲಿ ನಿಜ. ಥಿಯೇಟರಿನ ತುಂಬ ಅಭಿಮಾನಿಗಳಿರುವಾಗ ಅವರ ಹೀರೋನನ್ನು ಕನ್ನಡದಲ್ಲಿ ಬೈದು, ಮೈಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದವನು ನಾನು.

ಮೂವತ್ತು ವರ್ಷ ಮೋಟಾರ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಓಡುವ ಮೋಟಾರಿಗೆ ಕಿವಿಗೊಟ್ಟು "ಬೇರಿಂಗ್ ಹೋಗಿದೆ, ವಾಪಸ್" ಎನ್ನುವುದೇ ಕೆಲಸ. ನಿವೃತ್ತಿಯಾದ ಮೇಲೆ ಮೋಟಾರ್ ಸಿಗಲಿಲ್ಲ. ಸಿನಿಮಾ ಸಿಕ್ಕಿತು, ಮೊಬೈಲಿನಲ್ಲಿ ರಾಕ್ ಸಂಗೀತವೂ ಸಿಕ್ಕಿತು. ಪ್ರತಿ ಭಾನುವಾರ ಕುಟುಂಬದ ವಾಟ್ಸಾಪ್ ಗುಂಪಿಗೆ ನನ್ನ ವಿಮರ್ಶೆ ಹೋಗುತ್ತದೆ. ನಮ್ಮ ನೆಂಟರಲ್ಲಿ ಮುಕ್ಕಾಲು ಪಾಲು ಜನ ಕನ್ನಡ ಅಕ್ಷರ ಓದಲಾರರು, ಆದ್ದರಿಂದ ಬಾಯಲ್ಲೇ ಹೇಳಿ ಕಳಿಸುತ್ತೇನೆ.

"ಲೋಕವೇ ತಲೆದೂಗಿದ ಆಲ್ಬಮ್ಮಂತೆ. ಹಾಡೋನಿಗೆ ಬಾಗಿಲ ಸಂದೀಲಿ ಬೆರಳು ಸಿಕ್ಕಿದೆ, ಯಾರೂ ಬಿಡಿಸ್ತಿಲ್ಲ."

"ಹೀರೋ ಬಾಗಿಲಿಂದ ಸೋಫಾವರೆಗೆ ನಡ್ಕೊಂಡು ಬರೋದ್ರಲ್ಲಿ ನಾನು ಹೊರಗೆ ಹೋಗಿ ಟೀ ಕುಡಿದು ಬಂದೆ. ಅವನಿನ್ನೂ ಬರ್ತಾನೇ ಇದ್ದ."

ಕೊನೆಯಲ್ಲಿ, ಮುದ್ರೆ ಒತ್ತಿದ ಹಾಗೆ, ಯಾವಾಗಲೂ ಅದೇ ತೀರ್ಪು: "ಇಪ್ಪತ್ತು ನಿಮಿಷ ಕತ್ತರಿಸಿದ್ರೆ ಊರಿಗೇ ಉಪಕಾರ ಆಗ್ತಿತ್ತು." ಗುಂಪಿನಲ್ಲಿ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲರೂ ಒಪ್ಪಿದ್ದಾರೆ ಎಂದುಕೊಂಡಿದ್ದೆ.

ನನ್ನ ಮಗಳು ವಿದ್ಯಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಲ್ಲೇ ಕೆಲಸ ಮಾಡುವ ಕಾರ್ತಿಕ್ ಎಂಬ ತಮಿಳು ಹುಡುಗನನ್ನು ಮೆಚ್ಚಿಕೊಂಡಳು. ನಮ್ಮ ಕಡೆಯಿಂದ ಅಡ್ಡಿಯಿರಲಿಲ್ಲ. ಹುಡುಗನ ಅಪ್ಪ ದೊರೈಸಾಮಿಯವರು ಮಾತ್ರ, "ಹೆಣ್ಣಿನ ಕಡೆಯವರನ್ನು ಕಂಡು ಮಾತಾಡಿಯೇ ಹೇಳುತ್ತೇನೆ" ಎಂದು ನಿಂತಿದ್ದರು. ನಾನೂ ನನ್ನ ಹೆಂಡತಿ ಸರಳಾಳೂ ಆರ್.ಎಸ್. ಪುರಂನ ಅವರ ಮನೆಗೆ ಹೊರಟ ದಿನ ವಿದ್ಯಾ ನನ್ನ ಕಾಲರ್ ಸರಿಮಾಡುತ್ತಾ ಹೇಳಿದಳು:

"ಅಪ್ಪಾ, ಅವರಿಗೆ ರಾಕ್ ರೆಕಾರ್ಡ್ ಅಂದ್ರೆ ಉಸುರು. ಹಾಕಿ ಕೇಳಿಸ್ತಾರೆ. 'ನಲ್ಲಾ ಇರುಕ್ಕುಂಗ' ಅಂತ ಹೊಗಳಿ ಬಾಯಿ ಮುಚ್ಕೊಂಡಿರಿ. ಅವರು ಬೇಡ ಅಂದ್ರೆ ಎಲ್ಲಾ ಮುಗೀತು."

"ಒಂದು ಮಾತೂ ಆಡಲ್ಲ ಕಣಮ್ಮ."

"ಕನ್ನಡದಲ್ಲೂ ಬೇಡ."

"ಕನ್ನಡದಲ್ಲಿ ಆಡಿದ್ರೆ ಅಲ್ಲಿ ಯಾರಿಗೆ ಗೊತ್ತಾಗುತ್ತೆ?"

ವಿದ್ಯಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆಟೋ ಬಂತು. ನಾನು ಹತ್ತಿ ಕೂತೆ.

ದೊರೈಸಾಮಿಯವರು ಪಂಪ್‌ಸೆಟ್ ವ್ಯಾಪಾರಿ, ಬಲು ಸಾಧು ಮನುಷ್ಯ. ಹಾಲಿನ ಒಂದು ಗೋಡೆ ಪೂರ್ತಿ ರೆಕಾರ್ಡುಗಳು. ಒಂದನ್ನು ತೆಗೆದು, ಸ್ನಾನ ಮಾಡಿಸಿದ ಮಗುವಿನ ಮೈ ಒರೆಸುವಂತೆ ಒರೆಸಿ, ಮುಳ್ಳು ಇಟ್ಟರು. ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನವರೆಲ್ಲ ಕೂಡಿ ಕೇಳುತ್ತಿದ್ದ ಆಲ್ಬಮ್ ಇದು ಎಂದರು. ಕಾರ್ತಿಕ್ ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಗುಬ್ಬಚ್ಚಿಯಂತೆ ಕೂತಿದ್ದ.

ಮೊದಲ ಎರಡು ನಿಮಿಷ ಮಾತು ಉಳಿಸಿಕೊಂಡೆ. ಮೂರನೇ ನಿಮಿಷಕ್ಕೆ ಗಿಟಾರ್ ಶುರುವಾಯಿತು. ಅದು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಮೂವತ್ತು ವರ್ಷದ ಅನುಭವ ಸುಮ್ಮನಿರಲು ಬಿಡುತ್ತದೆಯೇ? ಮುಖದ ನಗು ಕದಲದಂತೆ ಸರಳಾಳ ಕಡೆ ಬಾಗಿದೆ.

"ಸ್ಕ್ರೂ ಬಿಗಿ ಮಾಡೋಕೆ ಹೋಗಿ ಥ್ರೆಡ್ಡೇ ಹೋಗಿದೆ. ಸುಮ್ನೆ ತಿರುಗಿಸ್ತಾನೇ ಇದಾನೆ."

"ರೀ, ಚುಮ್ಮಾ ಇರಿ," ಎಂದಳು ಸರಳಾ, ಅವಳೂ ನಗುತ್ತಲೇ.

"ಎನ್ನ ಸೊಲ್ರೀಂಗ ಸಾರ್?" ಎಂದು ದೊರೈಸಾಮಿಯವರು, ನಾನು ಹೇಳುತ್ತಿರುವುದೇನೆಂದು ಆಸೆಯಿಂದ ಕೇಳಿದರು.

ತಲೆಯಾಡಿಸಿದ್ದರೆ ಸಾಕಿತ್ತು. ನಾನು ತಮಿಳಿನಲ್ಲಿ, ಸವಿನಯವಾಗಿ, "ಈ ಗಿಟಾರ್ ಇನ್ನೂ ಸ್ವಲ್ಪ ಹೊತ್ತು ಇರಬಾರದಿತ್ತೇ ಎಂದು ಹೆಂಡತಿಗೆ ಹೇಳುತ್ತಿದ್ದೆ" ಎಂದು ಅರಿಕೆ ಮಾಡಿಕೊಂಡೆ. ಅವರ ಕಣ್ಣು ತೇವವಾಯಿತು. ಈ ಮನೆಯಲ್ಲಿ ಹಾಗೆ ಹೇಳಿದ ಮೊದಲ ಮನುಷ್ಯ ನಾನಂತೆ. ಮುಳ್ಳನ್ನು ಎತ್ತಿ, ಗಿಟಾರನ್ನು ಮೊದಲಿನಿಂದ ಹಾಕಿದರು. ಶಬ್ದವನ್ನೂ ಹೆಚ್ಚಿಸಿದರು.

ಆಮೇಲೆ ಡ್ರಮ್ ಬಂತು. "ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿಸ್ತಿದಾನೆ," ಎಂದೆ ಕನ್ನಡದಲ್ಲಿ. "ಇಂಥ ತಾಳ ಹುಟ್ಟಿದ ಮೇಲೆ ಕೇಳಿಲ್ಲ ಎನ್ನುತ್ತಿದ್ದೆ," ಎಂದೆ ತಮಿಳಿನಲ್ಲಿ. ಅದರ ಫಲವಾಗಿ ರೆಕಾರ್ಡಿನ ಎರಡನೇ ಪಕ್ಕ ದೊರೆಯಿತು. ಅದನ್ನೂ ಹೊಗಳಿದೆ. ಅದರ ಫಲವಾಗಿ ಅದೇ ತಂಡದವರ ಸಿನಿಮಾ ದೊರೆಯಿತು! ಟಿವಿಯಲ್ಲಿ ಒಬ್ಬ ಉದ್ದ ಕೂದಲಿನವನು ಮರಳುಗಾಡಿನಲ್ಲಿ ನಡೆಯತೊಡಗಿದ. ಹತ್ತು ನಿಮಿಷವಾದರೂ ನಡೆಯುತ್ತಲೇ ಇದ್ದ.

"ಯಾರನ್ನ ಹುಡುಕ್ತಿದಾನ್ರೀ?" ಎಂದಳು ಸರಳಾ. ಪಾಪ, ಅವಳಿಗೂ ತಾಳ್ಮೆ ತಪ್ಪಿತ್ತು.

"ಕಥೇನ. ಸಿಕ್ಕಲ್ಲ ಬಿಡು. ಇಪ್ಪತ್ತು ನಿಮಿಷ ಕತ್ತರಿಸಿದ್ರೆ..."

"ಊರಿಗೇ ಉಪಕಾರ ಆಗ್ತಿತ್ತು," ಎಂದಿತು ನನ್ನ ಬೆನ್ನ ಹಿಂದಿನ ಸ್ಟೂಲು.

ಕಾರ್ತಿಕ್ ಕಾಫಿ ಲೋಟ ಹಿಡಿದು ಎದುರಿಗೆ ಬಂದು ನಿಂತ. "ಮಾವ, ನಾನು ಎರಡು ವರ್ಷದಿಂದ ಕನ್ನಡ ಕಲೀತಿದ್ದೀನಿ. ಇವತ್ತು ನಿಮ್ಮ ಹತ್ರ ಕನ್ನಡದಲ್ಲೇ ಹೆಣ್ಣು ಕೇಳ್ಬೇಕು ಅಂತ ಕಾಯ್ತಿದ್ದೆ. ಪುಸ್ತಕ ಏನಿಲ್ಲ. ನಿಮ್ಮ ವಿಮರ್ಶೆನ ವಿದ್ಯಾ ವಾರ ವಾರ ಕಳಿಸ್ತಾಳೆ. ಎಲ್ಲಾ ಬಾಯಿಪಾಠ."

ನಿಜವೇ. 'ಉಪಕಾರ'ಕ್ಕೆ ಮುಂಚೆ ನಾನು ಒಮ್ಮೆ ಕೆಮ್ಮುತ್ತೇನಲ್ಲ, ಆ ಕೆಮ್ಮನ್ನೂ ಕಲಿತಿದ್ದ. "ಕಾಫಿ ತಗೊಳ್ಳಿ ಮಾವ. ಅಮ್ಮ ಮಾಡಿದ್ದು. ಮೊದಲರ್ಧ ಪರವಾಗಿಲ್ಲ, ಎರಡನೇ ಅರ್ಧ ಎಳೆದಿದ್ದಾರೆ," ಎಂದ. ಉಪಚಾರದ ಮಾತು ಹೀಗೇ ಇರುತ್ತದೆಂದು ಪಾಪದವನು ನಂಬಿದ್ದ. ವಿದ್ಯಾ ಅವನೊಡನೆ ಆಡುವುದು ತಮಿಳು; ಬೇರೆ ಕನ್ನಡ ಅವನ ಕಿವಿಗೆ ಬಿದ್ದಿದ್ದರೆ ತಾನೆ?

"ಅವರು ಇಷ್ಟು ಹೊತ್ತು ಏನು ಹೇಳುತ್ತಿದ್ದರು?" ಎಂದು ದೊರೈಸಾಮಿಯವರು ಮಗನನ್ನು ತಮಿಳಿನಲ್ಲಿ ಕೇಳಿದರು.

ಸರಳಾ ನನ್ನ ಕೈ ಹಿಂಡಿದಳು. ನನ್ನ ಮಗಳ ಮದುವೆ ಆ ಹುಡುಗನ ನಾಲಿಗೆಯ ತುದಿಯಲ್ಲಿ ನಿಂತಿತ್ತು. ನನಗೆ ನಾಚಿಕೆಯಾಯಿತು. ಅವನು ನನ್ನ ಮನೆಯ ಮಾತಿಗಾಗಿ ಎರಡು ವರ್ಷ ನನ್ನ ಕೊರೆತ ಸಹಿಸಿದ್ದಾನೆ. ನಾನು ಅವನ ಅಪ್ಪನ ಸಂತೋಷಕ್ಕಾಗಿ ಒಂದು ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿರಲಾರದೆ ಹೋದೆ.

ಕಾರ್ತಿಕ್ ತಡವರಿಸಲಿಲ್ಲ. "ಮೋಟಾರ್ ಕೇಳುವವರ ಕಿವಿ ಅಪ್ಪಾ. ಗಿಟಾರು, ಡ್ರಮ್ಮು, ಒಂದು ಸದ್ದನ್ನೂ ಬಿಡದೆ ಕೇಳಿ ಮಾತಾಡಿದ್ದಾರೆ," ಎಂದ. ಒಂದಕ್ಷರ ಸುಳ್ಳಿಲ್ಲ!

ದೊರೈಸಾಮಿಯವರು ಎದ್ದು ಬಂದು, "ಸಮ್ಮಂದಿ" ಎಂದು ನನ್ನನ್ನು ತಬ್ಬಿಕೊಂಡರು. ನಾವು ಬೀಗರಾದೆವು. ಒಳಗಿನಿಂದ ತಾಂಬೂಲದ ತಟ್ಟೆ ಬಂತು. ಹೊರಡುವಾಗ ಅವರು ಗೋಡೆ ತೋರಿಸಿ, ಇನ್ನು ತಿಂಗಳಿಗೊಂದು ಭಾನುವಾರ ಬಂದರೆ ಎಲ್ಲವನ್ನೂ ಕೇಳಿ ಮುಗಿಸಬಹುದು ಎಂದರು. ಗೋಡೆ ಸಾಕಷ್ಟು ಉದ್ದವಿತ್ತು.

ಸಂಜೆ ವಿದ್ಯಾ ಖುಷಿಯಿಂದ ಕಾರ್ತಿಕ್‌ನನ್ನು ಕುಟುಂಬದ ಗುಂಪಿಗೆ ಸೇರಿಸಿದಳು. ಸ್ವಲ್ಪ ಹೊತ್ತಿಗೆ ಅವನ ಧ್ವನಿ ಬಂತು.

"ಎಲ್ಲರಿಗೂ ನಮಸ್ಕಾರ. ಇವತ್ತು ಮಾವನ ವಿಮರ್ಶೆ ಹತ್ರದಲ್ಲೇ ಕೂತು ಕೇಳಿದೆ. ಮಾತು ಜೋರಾಗಿದೆ. ಕಥೆ ಪರವಾಗಿಲ್ಲ. ಇಪ್ಪತ್ತು ನಿಮಿಷ ಕತ್ತರಿಸಿದ್ರೆ," ಇಲ್ಲಿ ಒಂದು ಕೆಮ್ಮು, "ಊರಿಗೇ ಉಪಕಾರ ಆಗ್ತಿತ್ತು."

ನನ್ನ ಒಂದು ವಿಮರ್ಶೆಗೂ ತುಟಿ ಬಿಚ್ಚದಿದ್ದ ಗುಂಪು ಧಡಕ್ಕನೆ ಎದ್ದು ಕೂತಿತು. ಚಪ್ಪಾಳೆಯ ಮೇಲೆ ಚಪ್ಪಾಳೆ. ಆನೈಮಲೈನ ತೆಂಗಿನ ತೋಟದಿಂದ ನನ್ನ ಭಾಮೈದ, "ಕೊನೆಗೂ ಒಬ್ಬ ಸತ್ಯ ಹೇಳೋನು ನಮ್ಮ ಮನೆಗೆ ಬಂದ" ಎಂದ. ಎಲ್ಲಕ್ಕಿಂತ ಮೊದಲು ಬಂದ ಚಪ್ಪಾಳೆ ಯಾರದೆಂದು ನೋಡಿದೆ. ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದ ಸರಳಾಳದು.