ಚಹಾ ಕುಡಿಯದ ಗ್ರಾಮೋಫೋನ್ ಅವರಿಗೆ

ಗಡಹಿಂಗ್ಲಜ,
ದೀಪಾವಳಿಯ ಮರುವಾರ, ೧೯೩೬

ಗುರಣ್ಣನವರ ಚಹಾದಂಗಡಿಯ ಕಟ್ಟೆಯ ಮೇಲೆ, ಹಿತ್ತಾಳೆಯ ಕಹಳೆಯನ್ನು ನೇರ ನನ್ನ ಬಾಗಿಲಿಗೆ ಗುರಿ ಮಾಡಿಕೊಂಡು ವಿರಾಜಮಾನರಾಗಿರುವ ಮಾನ್ಯ ಗ್ರಾಮೋಫೋನ್ ಮಹಾಶಯರೇ,

ರಸ್ತೆಯ ಈಚೆ ಬದಿಯ ಚಹಾದಂಗಡಿಯವನಾದ ಬಾಳಗೊಂಡನ ಸಾವಿರ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸಬೇಕಾಗಿಲ್ಲ, ಅದು ದಿನಾಲು ದೀಪ ಹಚ್ಚುವ ಹೊತ್ತಿಗೆ ಪೇಟೆಯ ಆ ತುದಿಯವರೆಗೂ ಕೇಳಿಸುತ್ತದೆ. ತಮಗೆ ಹಾಡಲು ಬರುತ್ತದೆಯೇ ಹೊರತು ಓದಲು ಬಾರದೆಂದು ಬಲ್ಲವರು ಹೇಳಿದ್ದರಿಂದ ಈ ಪತ್ರವನ್ನು ನನ್ನ ಅಂಗಡಿಯ ಕಂಬಕ್ಕೆ ಅಂಟಿಸಿದ್ದೇನೆ. ಅಕ್ಷರ ಬಲ್ಲ ಗಿರಾಕಿಗಳು ತಮ್ಮ ಕಹಳೆಯೊಳಗೆ ಬಗ್ಗಿ ಓದಿ ಹೇಳಬೇಕೆಂದು ವಿನಂತಿ.

ತಾವು ಕೊಲ್ಹಾಪುರದಿಂದ ಮೋಟಾರಿನಲ್ಲಿ, ಗುರಣ್ಣನವರ ತೊಡೆಯ ಮೇಲೆ ಕೂತು, ರೇಶಿಮೆ ರುಮಾಲು ಹೊದ್ದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅವರು ಸೊಸೆಯನ್ನೂ ಅಷ್ಟು ಜೋಪಾನವಾಗಿ ಇಳಿಸಿಕೊಂಡಿರಲಿಲ್ಲ. ಅಲ್ಲಿಯವರೆಗೆ ಎರಡೂ ಅಂಗಡಿಗಳ ಬಾಳು ಸಮನಾಗಿ ಸಾಗಿತ್ತು: ಅದೇ ಗೌಳಿಯ ಹಾಲು, ಅದೇ ಚಹಾಪುಡಿ, ಗಿರಾಕಿಗಳು ಕೂರುವ ಅದೇ ಕುಂಟು ಬಾಕುಗಳು. ತಾವು ಬಾಯಿ ತೆರೆದದ್ದೇ ತಡ, ಮಧ್ಯಾಹ್ನದ ಗಿರಾಕಿಗಳು ಕೂಡ ಇನ್ನೇನು ಹಾಡು ಶುರುವಾಗುತ್ತದೆಂದು ಆ ಕಡೆಯೇ ಹೋಗಿ ಕಾಯತೊಡಗಿದರು. ಹಾಡೆಂದರೆ ಎತ್ತಿನ ಕೊರಳ ಗಂಟೆಯೆಂದಷ್ಟೇ ತಿಳಿದಿದ್ದ ಗಾಡಿಯ ತಾನಾಜಿ ಗಾಡಿಸಮೇತ ತಮ್ಮತ್ತ ಹೊರಳಿದ.

ಬರಿದಾದ ಬಾಕುಗಳನ್ನು ಒರೆಸಿ ಒರೆಸಿ ಬೇಸತ್ತ ನನ್ನ ಮನೆಯಾಕೆ ಚಂಪಾಬಾಯಿ ಒಂದು ದಿನ ಟ್ರಂಕಿಗೆ ಸೀರೆ ತುಂಬತೊಡಗಿದಳು. "ದೀಪಾವಳಿ ತನಕಾ ನೋಡೂಣ್ರಿ," ಎಂದಳು, "ಆಮ್ಯಾಲ ಬಾಗಲಾ ಹಾಕಿ ದಾನೋಳಿಗೆ ಹೋಗಿ ನಮ್ಮಣ್ಣನ ಕಬ್ಬಿಗೆ ನೀರ ಹಾಯಿಸ್ಕೋತ ಇರೂಣು." ಮಹಾಶಯರೇ, ತಮಗೆ ಹೆಂಡತಿಯಿಲ್ಲ, ಆದ್ದರಿಂದ ಹೆಂಡತಿಯ ಅಣ್ಣನೂ ಇಲ್ಲ, ಅವನ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕರೆಯುವುದನ್ನು ಕಾಯುತ್ತ ಕೂರುವುದು ಏನೆಂದು ತಮಗೆ ತಿಳಿಯಲಾರದು. ನನಗೆ ನಿದ್ದೆ ಹಾರಿಹೋಯಿತು.

ಮೊದಲು ಇಚಲಕರಂಜಿಯಿಂದ ಪೇಂಟರನನ್ನು ಕರೆಸಿ ಹೊಸ ಬೋರ್ಡು ಬರೆಸಿದೆ. ಚಹಾದ ಕಿಟ್ಲಿ ಬರೆಯಪ್ಪಾ ಎಂದರೆ ಅವನು ಬರೆದದ್ದನ್ನು ಗಣಪತಿಯೆಂದು ತಿಳಿದ ಮಂದಿ, ನಿಂತು ಕೈಮುಗಿದು, ಗುರಣ್ಣನವರಲ್ಲಿಗೆ ಹೋಗಿ ಚಹಾ ಕುಡಿದರು. ಇನ್ನು ಉಳಿದದ್ದು ಒಂದೇ ದಾರಿ, ತಾವು ಹಾಡುವ ಹೊತ್ತಿಗೆ ನಾನೂ ಅಂಗಡಿ ತೆರೆದಿಡುವುದು. ಆದರೆ ನಾವು ಜೈನರು. ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ, ಅಷ್ಟರಲ್ಲಿ ಒಲೆಯನ್ನೂ ಆರಿಸಿಬಿಡುತ್ತಿದ್ದೆವು. ನಾವು ಕುಡಿಯದ್ದನ್ನು ಮಂದಿಗೆ ಕುಡಿಸಬಹುದೇ ಎಂದು ಚಂಪಾಬಾಯಿ ಬಹಳ ಹೊತ್ತು ಚಡಪಡಿಸಿ, ಕೊನೆಗೆ ಹುಳ ಬೀಳದಂತೆ ಪಾತ್ರೆಗೆ ಬಟ್ಟೆ ಕಟ್ಟಿ, ಕಂದೀಲನ್ನು ದೂರ ತೂಗುಹಾಕಿ ಒಪ್ಪಿದಳು.

ಒಲೆ ಹೊತ್ತಿತು, ಚಹಾ ಕುದಿಯಿತು, ಆದರೆ ಅದರ ರುಚಿ ನೋಡುವವರು ಯಾರು? ಮೊದಲ ಸಂಜೆ ಸಕ್ಕರೆಯನ್ನು ಅವಳು ಹಾಕಿದ್ದಾಳೆಂದು ನಾನೂ, ನಾನು ಹಾಕಿದ್ದೇನೆಂದು ಅವಳೂ ನಂಬಿ ಕೂತೆವು. ಮರುಸಂಜೆ ಇಬ್ಬರೂ ಹಾಕಿದೆವು. ನನ್ನ ಚಹಾದ ಕೀರ್ತಿ ತಮ್ಮ ಹಾಡಿಗಿಂತ ದೂರ ಹಬ್ಬಿತು.

ಆಗ ಕಾಪಾಡಿದವನು ನೂಲ ಊರಿನ ಕುರಿಗಾರ ಯಲಗೂರಪ್ಪ. ಪೇಟೆಗೆ ಕಂಬಳಿ ಮಾರಲು ಬಂದವನು ಬಶಿಗೆ ಸುರಿದ ಚಹಾ ಒಂದು ಗುಟುಕು ಕುಡಿದು, ಬಶಿ ಕೆಳಗಿಟ್ಟು, ಇದನ್ನು ನೀನು ಬಾಯಲ್ಲಿ ಹಾಕಿ ನೋಡಿದ್ದೀಯಾ ಎಂದು ಕೇಳಿದ. ನೋಡುವಂತಿಲ್ಲವಪ್ಪಾ, ಹೊತ್ತು ಮುಳುಗಿದೆ ಎಂದೆ. "ಹಂಗಾರ ನಾ ನೋಡಿ ಹೇಳ್ತೀನಿ," ಎಂದ, "ನಾ ಹೂಂ ಅನ್ನೂ ತನಕಾ ಯಾರ ಬಶಿಗೂ ಹಾಕಬ್ಯಾಡ." ಹಾಗೆ ನಮ್ಮ ಅಂಗಡಿಯಲ್ಲಿ ರುಚಿಗಾರನ ಗಾದಿ ಹುಟ್ಟಿತು.

ಇದು ಪೇಟೆಗೆ ಹೇಗೋ ಗೊತ್ತಾಯಿತು. ಕುರಿಯ ಹಾಲು ಕುಡಿದು ಬೆಳೆದವನಿಗೆ ಸಕ್ಕರೆಯ ಅಂದಾಜು ಏನು ಗೊತ್ತೆಂದು ಜಗಳ ತೆಗೆಯಲೆಂದೇ ತಾನಾಜಿ ಗಾಡಿಸಮೇತ ಹಿಂದಿರುಗಿದ. ತಾನಾಜಿಗೆ ಶುಂಠಿಯ ಗಂಧವೇ ಇಲ್ಲವೆಂದು ಹೇಳಲು ಇನ್ನೊಬ್ಬ ಬಂದ. ಈಗ ಮೊದಲು ಬಂದವನೇ ಆ ಸಂಜೆಯ ರುಚಿಗಾರ; ಆ ಮೊದಲ ಬಶಿಗಾಗಿ ಮಂದಿ ಬಿಸಿಲಿರುವಾಗಲೇ ಬಂದು ಜಾಗ ಹಿಡಿಯುತ್ತಾರೆ, ಗಾದಿ ತಪ್ಪಿದವರು ರುಚಿಗಾರನ ತಪ್ಪು ಹಿಡಿಯಲು ಕಾಯುತ್ತಾರೆ, ಕಾಯುತ್ತ ಕಾಯುತ್ತ ಚಹಾದ ಮೇಲೆ ಚಹಾ ಕುಡಿಯುತ್ತಾರೆ. ಇದಕ್ಕೆಲ್ಲ ತಮ್ಮ ಉಪಕಾರವೂ ಇದೆ: ತಮ್ಮ ಪಕ್ಕದಲ್ಲಿ ಕೂತವನಿಗೆ ಪಕ್ಕದವನ ಮಾತೇ ಕೇಳಿಸದಿರುವುದರಿಂದ, ಬಾಯಿ ತುರಿಸುವವರೆಲ್ಲ ರಸ್ತೆ ದಾಟಿ ಬಂದುಬಿಡುತ್ತಾರೆ. ನಿನ್ನೆ ಚಂಪಾಬಾಯಿ ಟ್ರಂಕಿನಿಂದ ಸೀರೆಗಳನ್ನು ತೆಗೆದು ಮತ್ತೆ ಗಳುವಿಗೆ ಹಾಕಿದಳು. ನೋಡಿ ನನ್ನ ಕಣ್ಣು ತುಂಬಿದವು, ಹೊಗೆಗೆ ಎಂದು ಹೇಳಿದೆ.

ಹೀಗಿದ್ದೂ ನನ್ನ ತಕರಾರು ಏನೆಂದರೆ, ರುಚಿಗಾರನು ಕಣ್ಣು ಮುಚ್ಚಿ ಗುಟುಕು ನುಂಗಿ, ಎಲ್ಲರೂ ಅವನ ಗಂಟಲನ್ನೇ ನೋಡುತ್ತಿರುವಾಗ, ಸರಿಯಾಗಿ ಆ ಗಳಿಗೆಗೇ ತಾವು ತಾರಸ್ವರಕ್ಕೆ ಏರುತ್ತೀರಿ. ಆದಕಾರಣ, ಬಶಿ ತುಟಿಗೆ ತಾಗಿದ್ದನ್ನು ಕಂಡೊಡನೆ ತಾವು ಉಸಿರು ಬಿಗಿಹಿಡಿಯಬೇಕು. ಹಾಗೆಯೇ ಕಹಳೆಯನ್ನು ಗುರಣ್ಣನವರ ಅಡಿಗೆಮನೆಯತ್ತ ತಿರುಗಿಸಿಕೊಂಡರೆ ಅವರ ಹಾಲಾದರೂ ಹೆದರಿ ಗಟ್ಟಿಯಾದೀತು. ಮತ್ತು ಒಮ್ಮೆಯಾದರೂ ತಮ್ಮ ಅಂಗಡಿಯ ಚಹಾವನ್ನು ಆ ಕೊಡಪಾನದಂಥ ಬಾಯಲ್ಲಿ ಹಾಕಿಕೊಂಡು ನೋಡಬೇಕು. ತಾವೂ ನಾನೂ ಒಂದೇ ವ್ರತದವರು, ಸಂಜೆ ನಮ್ಮ ನಮ್ಮ ಚಹಾ ಮುಟ್ಟುವುದಿಲ್ಲ. ಆದರೆ ಹೇಗಾಗಿದೆಯೆಂದು ನಾನು ನಾಲ್ಕು ಜನರನ್ನು ಕೇಳುತ್ತೇನೆ, ತಮಗೆ ಬಿಡುವಿಲ್ಲ. ಇಷ್ಟನ್ನು ನಡೆಸಿಕೊಟ್ಟರೆ ತಮ್ಮ ಸೂಜಿ ಸವೆಯದಿರಲೆಂದು ಮನೆಮಂದಿಯೆಲ್ಲ ಹಾರೈಸುವೆವು.

ಇಂತು ತಮ್ಮ ಹಾಡನ್ನು ಪುಕ್ಕಟೆಯಾಗಿ ಕೇಳುವ,
ತಮ್ಮ ವಿಶ್ವಾಸಿ,
ಬಾಳಗೊಂಡ

ತಾ.ಕ.: ಪತ್ರ ಅಂಟಿಸುವ ಮೊದಲು ಒಂದು ಮಾತು ಸೇರಿಸಬೇಕಾಯಿತು. ಇಂದು ಸಂಜೆ ಗುರಣ್ಣನವರು ತಮಗೆ ಕೀಲಿ ಕೊಟ್ಟು, ಖಾಲಿ ಬಾಕುಗಳ ಮುಂದೆ ಹಾಡಲು ಬಿಟ್ಟು, ರಸ್ತೆ ದಾಟಿ ಬಂದು ಮೊದಲ ಬಶಿ ನನಗೇ ಕೊಡಿ ಎಂದರು. ಹಿರಿಯರೆಂದು ಎಲ್ಲರೂ ಬಿಟ್ಟುಕೊಟ್ಟೆವು. ಅವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, "ಈ ಗದ್ದಲದಾಗ ರುಚಿ ಹೆಂಗ ತಿಳೀಬೇಕು? ಯಾರರ ಹೋಗಿ ಅದನ್ನ ಬಂದ ಮಾಡ್ರೋ," ಎಂದರು. ಎದ್ದರೆ ಕೂತ ಜಾಗ ಹೋದೀತೆಂದು ಯಾರೂ ಏಳಲಿಲ್ಲ.