ಮೂರನೇ ಮಹಡಿಗೇರಿದ ರುಮಾಲು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಗೇಣುದ್ದದ ತಂತಿ.

ಲುತ್ಫಿಯ ಬುಟ್ಟಿಯ ತಳ ಹರಿದಿತ್ತು. ಆ ಬೀದಿಯಲ್ಲಿ ಬುಟ್ಟಿಯಿಲ್ಲದೆ ಸಂಸಾರ ನಡೆಯುವುದಿಲ್ಲ. ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಬೇಕು, ಕೆಳಗೆ ಅಂಗಡಿಯವನು ರೊಟ್ಟಿಯನ್ನೋ ಈರುಳ್ಳಿಯನ್ನೋ ಹಾಕಬೇಕು, ಮೇಲಿನಿಂದ ಎಳೆದುಕೊಳ್ಳಬೇಕು. ಬೇರೆ ಯಾರೇ ಆಗಿದ್ದರೂ ಹೊಸ ಬುಟ್ಟಿ ತರುತ್ತಿದ್ದರು. ಲುತ್ಫಿ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನ ಗುಮಾಸ್ತ. ಅಲ್ಲಿ ಬಿದ್ದಿದ್ದ ತಂತಿ ತಂದು ತಳವನ್ನು ಬಿಗಿದ. ಉಳಿದ ತುದಿ ಕತ್ತರಿಸಲು ಇಕ್ಕಳ ಸಿಗಲಿಲ್ಲ, ಬಗ್ಗಿಸಿ ಹಾಗೇ ಬಿಟ್ಟ. ಅದು ಬುಟ್ಟಿಯಡಿ ಕೊಕ್ಕೆಯಂತೆ ನೇತಾಡುತ್ತಿತ್ತು.

ಅವನಿಗಾಗಲೇ ನಲವತ್ತಾರು ವರ್ಷ. ಕಳೆದ ತಿಂಗಳವರೆಗೆ ಮೂವರು ಅಕ್ಕಂದಿರ ಜೊತೆ ಇದ್ದವನು. ಇಬ್ಬರು ವಿಧವೆಯರು, ಹಿರಿಯಳಾದ ಇಜ್ಲಾಲ್ ಮದುವೆಯೇ ಬೇಡವೆಂದವಳು. ಊಟಕ್ಕೆ ಮೊದಲು ಕೈ ತೋರಿಸಬೇಕು, ಹೊರಗೆ ಹೊರಟರೆ ಎಲ್ಲಿಗೆ ಎಂದು ಹೇಳಬೇಕು, ಬೇಸಿಗೆಯಿರಲಿ ಚಳಿಯಿರಲಿ ಇಜ್ಲಾಲ್ ಹೆಣೆದ ಕಂದು ಉಣ್ಣೆಯ ಟೋಪಿ ತಲೆಯ ಮೇಲಿರಬೇಕು. ರೈಲಿನ ಚಾಲಕರು ಅವನ ಮುಖಕ್ಕಿಂತ ಟೋಪಿಯನ್ನೇ ಗುರುತಿಟ್ಟುಕೊಂಡಿದ್ದರು.

ಕೊನೆಗೊಂದು ದಿನ ಧೈರ್ಯ ಮಾಡಿ, ಟೋಪಿಯನ್ನು ಅಲ್ಲಿನ ಮೊಳೆಯಲ್ಲೇ ಬಿಟ್ಟು, ಮೂರನೇ ಮಹಡಿಯ ಈ ಎರಡು ಕೋಣೆಯ ಮನೆಗೆ ಬಂದಿದ್ದ. ಮೊದಲ ಸಂಜೆ ಬಾಗಿಲು ಹಾಕಿಕೊಂಡು ನಡುಮನೆಯಲ್ಲಿ ನಿಂತ. ಯಾರೂ ಏನೂ ಕೇಳಲಿಲ್ಲ. ಬಾಣಲೆಯಿಂದಲೇ ಅವರೆಕಾಳು ತಿಂದ, ಯಾರೂ ಬೈಯಲಿಲ್ಲ. ಜಗತ್ತು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಕಣ್ಣು ತುಂಬಿ ಬಂತು.

ಆದರೆ ಸಂಸಾರಸ್ಥರ ಕಟ್ಟಡದಲ್ಲಿ ಒಂಟಿ ಗಂಡಸು ಎಂದರೆ ಹಾಲಿನ ಪಾತ್ರೆಯ ಪಕ್ಕ ಕೂತ ಬೆಕ್ಕಿನ ಹಾಗೆ. ಏನೂ ಮಾಡದಿದ್ದರೂ ಎಲ್ಲರ ಕಣ್ಣು ಅದರ ಮೇಲೆ. ಎರಡನೇ ಮಹಡಿಯ ನವಾಲ್ ಅವನ ಮನೆಯಲ್ಲಿ ಹೆಂಗಸಿನ ದನಿ ಕೇಳಿದೆನೆಂದು ಹಬ್ಬಿಸಿದಳು. ಅದು ರೇಡಿಯೋ ವಾರ್ತೆ. ಮನೆಯೊಡತಿ ದೌಲತ್ ಅಮ್ಮ ಹತ್ತಿಬಂದು ಹೇಳಿಯೇಬಿಟ್ಟಿದ್ದಳು.

"ನೋಡಪ್ಪಾ, ನೀನು ಒಳ್ಳೆಯವನೇ ಇರಬಹುದು. ಆದ್ರೆ ಒಂಟಿ ಗಂಡಸಿಗೆ ಮನೆ ಇಲ್ಲ ಅನ್ನೋದು ಈ ಕಟ್ಟಡದ ನಿಯಮ. ನನ್ನ ಯಜಮಾನ್ರು ಮಾಡಿದ್ದು. ನಮ್ಮ ಸಂತ ಸೀದಿ ಹಲೀಮರ ಉರುಸಿನ ಹಬ್ಬದ ದಿನ ಸಂಜೆ ತಾರಸಿ ಮೇಲೆ ಎಲ್ಲರೂ ಸೇರ್ತೀವಿ. ನೀನಿರಬಹುದಾ ಅಂತ ಕೈ ಎತ್ತಿಸಿ ಕೇಳ್ತೀನಿ. ಬೇಡ ಅಂದ್ರೆ ಮರುದಿನಾನೇ ಗಂಟುಮೂಟೆ ಕಟ್ಟಬೇಕು."

ಇವತ್ತೇ ಆ ಉರುಸು. ಆದ್ದರಿಂದ ಲುತ್ಫಿಯ ಇಂದಿನ ವ್ರತ ಒಂದೇ, ಸಂಜೆಯವರೆಗೆ ಯಾರ ಕಣ್ಣಿಗೂ ಬೀಳಬಾರದು.

ಮಧ್ಯಾಹ್ನದ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು. ಹಸಿವು ತಡೆಯದೆ ಅವನು ಬಾಲ್ಕನಿಗೆ ಬಂದು ಬುಟ್ಟಿ ಇಳಿಸಿದ.

"ಫರ್ಗಲೀ, ಐದು ರೊಟ್ಟಿ," ಎಂದ, ಆದಷ್ಟು ಮೆಲ್ಲಗೆ.

"ಏನು? ಜೋರಾಗಿ ಹೇಳಿ ಉಸ್ತಾದ್!" ಕೆಳಗಿನ ರೊಟ್ಟಿಯಂಗಡಿಯ ಫರ್ಗಲಿ ಕೂಗಿದ. "ಬಿಸಿದು ಒಲೆಯಲ್ಲಿದೆ, ಒಂದು ಗಳಿಗೆ ಇರಿ!"

ಕೆಳಗಿನ ಬಾಲ್ಕನಿಯಿಂದ ನವಾಲ್‌ಳ ತಲೆ ಹೊರಗೆ ಬಂತು. "ಒಬ್ಬನಿಗೆ ಐದು ರೊಟ್ಟಿ ಯಾಕೆ ಉಸ್ತಾದ್ ಲುತ್ಫಿ? ನೆಂಟರು ಬಂದಿದಾರಾ?"

"ಇಲ್ಲ ತಾಯಿ, ನಾಳೆಗೂ ಸೇರಿಸಿ."

"ಹೂಂ," ಎಂದಳು ನವಾಲ್. ಆ ಹೂಂಕಾರದಲ್ಲಿ ಸಂಜೆ ಎತ್ತದ ಕೈಯೊಂದು ಲುತ್ಫಿಗೆ ಕಾಣಿಸಿತು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಡೋಲಿನ ಸದ್ದು ಕೇಳಿತು. ಸೀದಿ ಹಲೀಮನ ಮೆರವಣಿಗೆ! ಪ್ರತಿ ವರ್ಷ ಅದು ದೊಡ್ಡ ರಸ್ತೆಯಲ್ಲಿ ಹೋಗುವುದು. ಈ ಸಲ ಪುರಸಭೆ ಚುನಾವಣೆಗೆ ನಿಂತಿದ್ದ ಹಾಜಿ ರುಶ್ದಿ, ತನ್ನ ಬ್ಯಾನರುಗಳು ನೇತಾಡುವ ಈ ಬೀದಿಗೇ ಅದು ಬರುವಂತೆ ಯಾರ ಯಾರ ಕೈಕಾಲನ್ನೋ ಹಿಡಿದಿದ್ದ. ಬೀದಿಯ ನಟ್ಟನಡುವೆ ಒಂದು ಗುಂಡಿ ಇತ್ತು. ಅದನ್ನು ಮುಚ್ಚಿಸುತ್ತೇನೆಂದು ಹಾಜಿ ರುಶ್ದಿ ಮಾತು ಕೊಟ್ಟು ಎರಡು ಚುನಾವಣೆ ಕಳೆದಿದ್ದವು. ಅವನು ಕೊಟ್ಟ ಯಾವ ಮಾತೂ ಈವರೆಗೆ ನಡೆದದ್ದನ್ನು ಕಂಡವರಿಲ್ಲ.

ಮೊದಲು ಬಾವುಟಗಳು ಬಂದವು, ಆಮೇಲೆ ಡೋಲಿನವರು, ಆಮೇಲೆ ತೂಗುತ್ತ ದೇವರ ಹೆಸರು ಹೇಳುವ ಗಂಡಸರ ಸಾಲು. ಲುತ್ಫಿ ಅಷ್ಟೇನೂ ದೈವಭಕ್ತನಲ್ಲ. ಆದರೂ ನೂರಾರು ಎದೆಗಳಿಂದ ಒಂದೇ ಉಸಿರು ಹೊರಡುವುದನ್ನು ಮೇಲಿನಿಂದ ಕೇಳಿ ಅವನ ಮೈ ಜುಮ್ಮೆಂದಿತು. ದಿನಾ ಒಬ್ಬರನ್ನೊಬ್ಬರು ಬೈದಾಡುವ ಜನ ಇವರೇನಾ? ಕೈಯಲ್ಲಿ ಹಗ್ಗವಿರುವುದೇ ಅವನಿಗೆ ಮರೆತುಹೋಯಿತು. ಬುಟ್ಟಿ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ತೂಗಾಡುತ್ತ ನಿಂತಿತ್ತು.

ಕೊನೆಯಲ್ಲಿ ಬಿಳಿ ಕುದುರೆ ಬಂತು. ಮೇಲೆ ಸೀದಿ ಹಲೀಮನ ವಂಶದ ಶೇಖ್ ಅಬ್ದುಲ್ ಬಾರಿ, ಎಪ್ಪತ್ತು ದಾಟಿದ ಮುದುಕ. ಅವರ ತಲೆಯ ಮೇಲೆ ಸಂತನ ಹಸಿರು ರುಮಾಲು, ಸಣ್ಣ ಕುಂಬಳಕಾಯಿಯಷ್ಟು ದಪ್ಪದ್ದು. ವರ್ಷಕ್ಕೊಮ್ಮೆ ಮಾತ್ರ ಅದು ಹೊರಗೆ ಬರುವುದು. ಕುದುರೆ ಗುಂಡಿಯನ್ನು ಕಂಡು ಬೆಚ್ಚಿ, ಗೋಡೆಯ ಕಡೆಗೆ ಸರಿದು, ಲುತ್ಫಿಯ ಬಾಲ್ಕನಿಯ ಕೆಳಗೇ ಬಂತು.

ಆಗ ಹಾಜಿ ರುಶ್ದಿ ಮೇಲೆ ನೋಡಿ ಕೈ ಬೀಸಿದ. ಜನರೂ ಮೇಲೆ ನೋಡಿದರು. ಕಣ್ಣಿಗೆ ಬೀಳಬಾರದೆಂಬ ವ್ರತ ನೆನಪಾಗಿ ಲುತ್ಫಿಯ ಜೀವ ಬಾಯಿಗೆ ಬಂತು. ಸಿಗ್ನಲ್ಲಿನ ಸನ್ನೆಗೋಲು ಎಳೆದಂತೆ ಸರಸರನೆ ಹಗ್ಗ ಎಳೆದ.

ಖಾಲಿ ಬುಟ್ಟಿ ಇಷ್ಟು ಭಾರವೇಕೆ ಎಂದು ಬಗ್ಗಿ ನೋಡಿದ. ಬುಟ್ಟಿಯಡಿ ತಂತಿಯ ಕೊಕ್ಕೆಗೆ ಸಿಕ್ಕಿಕೊಂಡು ಸಂತನ ರುಮಾಲು ಮೊದಲ ಮಹಡಿ ದಾಟುತ್ತಿತ್ತು. ಬಿಟ್ಟರೆ ಗುಂಡಿಯ ಕೊಚ್ಚೆಗೆ ಬೀಳುತ್ತದೆ, ಎಳೆದರೆ ಮನೆಗೆ ಬರುತ್ತದೆ. ಅವನು ಎಳೆದ.

ಡೋಲು ನಿಂತಿತು. ಇಡೀ ಬೀದಿ ಉಸಿರು ಬಿಗಿಹಿಡಿದು ತಲೆಯೆತ್ತಿ ನಿಂತಿತು. ರುಮಾಲು ನವಾಲ್‌ಳ ಮೂಗಿನ ಮುಂದೆಯೇ ನಿಧಾನವಾಗಿ ಮೇಲೇರಿತು. ಲುತ್ಫಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅತ್ತರು, ಬೆವರು, ಹಳೆಯ ಪೆಟ್ಟಿಗೆಯ ವಾಸನೆ. ಎಷ್ಟು ತಲೆಮಾರಿನ ಜನ ಇದನ್ನು ಕಂಡು ಕಣ್ಣೊರೆಸಿಕೊಂಡಿದ್ದರೋ. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಹೆದರಿಕೆಗೆ ಮಾತ್ರ ಅಲ್ಲ.

"ಸೀದಿ ಹಲೀಮ್ ಬದುಕಿದ್ದಾಗ ಏನು ಕೆಲಸ ಮಾಡ್ತಿದ್ರು?" ಫರ್ಗಲಿ ರೊಟ್ಟಿ ಹಿಡಿದುಕೊಂಡೇ ಕಿರುಚಿದ. "ಬುಟ್ಟಿ ಹೆಣೀತಿದ್ರು!"

"ಬೀದಿಲಿ ನಲವತ್ತು ಬುಟ್ಟಿ ಇದಾವೆ," ನವಾಲ್ ಎದೆ ಹಿಡಿದುಕೊಂಡಳು. "ಅವರು ಆರಿಸಿದ್ದು ನಮ್ಮ ಲುತ್ಫಿಯಣ್ಣಂದು!"

ಅರೆಗಳಿಗೆಯ ಹಿಂದೆ ನೆಂಟರ ಲೆಕ್ಕ ಕೇಳಿದವಳು ಅವನನ್ನು ಅಣ್ಣನನ್ನಾಗಿ ಮಾಡಿಕೊಂಡಿದ್ದಳು. "ಅಲ್ಲಾಹು ಅಕ್ಬರ್" ಎಂಬ ಕೂಗಿಗೆ ಕಿಟಕಿಗಳು ನಡುಗಿದವು. ಮರುಕ್ಷಣ ಮೆಟ್ಟಿಲ ಮೇಲೆ ನೂರು ಕಾಲುಗಳ ಸದ್ದಾಯಿತು.

ಶೇಖ್ ಅಬ್ದುಲ್ ಬಾರಿ ಜನರನ್ನು ಬಾಗಿಲಲ್ಲೇ ನಿಲ್ಲಿಸಿ ಒಬ್ಬರೇ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಬೋಳುತಲೆ ಬೆವರಿತ್ತು. ಲುತ್ಫಿ ಅವರ ಕಾಲ ಬಳಿ ಕುಸಿದ.

"ಶೇಖರೇ, ಪವಾಡ ಗಿವಾಡ ಏನೂ ಇಲ್ಲ. ತಂತಿ. ನಾನು ಕತ್ತರಿಸದೆ ಬಿಟ್ಟ ತಂತಿ. ಈಗ್ಲೇ ಹೊರಗೆ ಹೋಗಿ ಎಲ್ಲರಿಗೂ ಹೇಳಿಬಿಡ್ತೀನಿ."

"ತಂತಿ ಅಂತ ನನಗೆ ಗೊತ್ತಿಲ್ವೇನಪ್ಪ? ನೆತ್ತಿ ಗೀರಿತಲ್ಲ," ಶೇಖರು ತಲೆ ಸವರಿಕೊಂಡರು. "ಸ್ವಲ್ಪ ನೀರು ಕೊಡು. ಆ ಕಿಟಕಿ ತೆಗಿ. ನಮ್ಮಪ್ಪ ಇದನ್ನ ನನ್ನ ತಲೆ ಮೇಲಿಟ್ಟು ನಲವತ್ತು ವರ್ಷ ಆಯ್ತು. ಮೆರವಣಿಗೆ ಮಧ್ಯೆ ನೆತ್ತಿಗೆ ಗಾಳಿ ಸೋಕಿದ್ದು ಇವತ್ತೇ."

ಲುತ್ಫಿಗೆ ತನ್ನ ಉಣ್ಣೆ ಟೋಪಿ ನೆನಪಾಯಿತು. "ಭಾರ ಅನ್ಸಿದ್ರೆ ಯಾಕೆ ಹೊರ್ತೀರಿ?"

"ಕೆಳಗೆ ನೋಡಿದೆಯಾ? ಹಾಜಿ ರುಶ್ದಿ ಕಡೆಯವರೂ ಅವನ ಎದುರಾಳಿ ಕಡೆಯವರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಅಳ್ತಾ ಇದಾರೆ. ನಾಳೆ ಮತ್ತೆ ಕಿತ್ತಾಡ್ತಾರೆ, ಅದು ಬೇರೆ. ಆ ಒಂದು ಗಳಿಗೆ ನಿನ್ನ ತಂತಿಯಿಂದ ಬಂತೋ, ಸೀದಿಯಿಂದ ಬಂತೋ, ನನಗಂತೂ ಹೇಳೋಕಾಗಲ್ಲ. ನಿನಗೆ ಆಗುತ್ತಾ?"

ಲುತ್ಫಿ ಬಗ್ಗಿ ನೋಡಿದ. ನಿಜವಾಗಿಯೂ ಅಳುತ್ತಿದ್ದರು. ತಂತಿಯನ್ನು ತಾನೇ ಕಟ್ಟಿದವನು, ಅವನೂ ತೋಳಿನಿಂದ ಕಣ್ಣೊರೆಸಿಕೊಂಡ.

ಶೇಖರು ಇನ್ನೊಂದು ಲೋಟ ನೀರು ಕುಡಿದು, ನಿಟ್ಟುಸಿರಿಟ್ಟು, ರುಮಾಲು ಹೊತ್ತು ಇಳಿದುಹೋದರು. ಅವರು ಹೋದದ್ದೇ ತಡ ಹಾಜಿ ರುಶ್ದಿ ನುಗ್ಗಿದ. ಹಿಂದೆಯೇ ದೌಲತ್ ಅಮ್ಮ.

"ಸಹೋದರಾ!" ಹಾಜಿ ರುಶ್ದಿ ಲುತ್ಫಿಯನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. "ನನ್ನ ಬ್ಯಾನರಿನ ಕೆಳಗೇ ಇಂಥ ಭಾಗ್ಯ! ಕೇಳು, ಏನು ಬೇಕಾದ್ರೂ ಕೇಳು. ಮಸೀದಿ ಆಣೆ, ಇವತ್ತೇ ಮಾಡಿಕೊಡ್ತೀನಿ."

"ನನಗೇನೂ ಬೇಡ ಹಾಜಿ. ಈ ಮನೇಲಿ ಇರೋಕೆ ಬಿಟ್ರೆ ಸಾಕು."

"ಇಷ್ಟೇನಾ?"

"ಒಂಟಿ ಗಂಡಸಿಗೆ ಮನೆ ಇಲ್ಲ ಅಂತ ನಿಯಮ ಇದೆಯಲ್ಲ," ದೌಲತ್ ಅಮ್ಮ ಕೈ ಕೈ ಹಿಸುಕಿಕೊಂಡಳು. "ಸೀದಿ ಆರಿಸಿದವನನ್ನ ಕಳಿಸೋ ಹಾಗಿಲ್ಲ. ಎಲ್ಲರೂ ಕೈ ಎತ್ತಿದ್ರೂ ಯಜಮಾನ್ರ ನಿಯಮ ಮುರಿಯೋಕೆ ನನಗೆ ಮನಸ್ಸಿಲ್ಲ."

"ಅದನ್ನ ನನಗೆ ಬಿಡಮ್ಮ," ಎಂದ ಹಾಜಿ ರುಶ್ದಿ. ಲುತ್ಫಿಯ ಊರು, ಮನೆತನ ಎಲ್ಲ ಅಕ್ಕರೆಯಿಂದ ವಿಚಾರಿಸಿಕೊಂಡು, ಮೀಸೆ ತಿರುವುತ್ತ ಹೊರಟುಹೋದ.

ಇನ್ನೂ ಬೆಳಕಿರುವಾಗಲೇ ತಾರಸಿಯ ಮೇಲೆ ಸಭೆ ಸೇರಿತು. ಲುತ್ಫಿ ಒಂದು ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದ. ದೌಲತ್ ಅಮ್ಮ ಕೇಳಿ ಮುಗಿಸುವ ಮೊದಲೇ ನವಾಲ್‌ಳ ಕೈ ಮೇಲೆ ಹೋಯಿತು, ಅದೂ ಎರಡೂ ಕೈ. ಆಮೇಲೆ ಎಲ್ಲರದೂ. ಬೇಡವೆಂದವರು ಒಬ್ಬರೂ ಇಲ್ಲ. ಲುತ್ಫಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಇನ್ನು ಆ ಬಾಣಲೆ ತನ್ನದು, ಆ ಮೌನ ತನ್ನದು. ಮುಳುಗುವ ಸೂರ್ಯನ ಕಡೆಗೆ ತಿರುಗಿ, ಜೀವಮಾನದಲ್ಲೇ ಮೊದಲ ಸಲ, ಯಾರೂ ಹೇಳದೆ ಒಂದು ಪ್ರಾರ್ಥನೆ ಮಾಡಿದ.

ಕೆಳಗೆ ಲಾರಿಯ ಹಾರನ್ ಕೇಳಿಸಿತು.

"ಬಂದೇಬಿಟ್ಟಿತು!" ಹಾಜಿ ರುಶ್ದಿ ಏದುಸಿರು ಬಿಡುತ್ತ ತಾರಸಿಗೆ ಬಂದ. "ನೋಡಿ ಜನಗಳೇ, ರುಶ್ದಿ ಮಾತು ಕೊಟ್ರೆ ನಡೆಸಲ್ಲ ಅಂತೀರಲ್ಲ? ಒಂಟಿ ಗಂಡಸು ಇರಬಾರದು, ಅಷ್ಟೇ ತಾನೇ ನಿಯಮ? ಇನ್ನು ಲುತ್ಫಿ ಒಂಟಿ ಅಲ್ಲ!"

ಲುತ್ಫಿ ಮೆಟ್ಟಿಲಿಳಿದು ತನ್ನ ಬಾಲ್ಕನಿಗೆ ಓಡಿದ. ಹಾಜಿ ರುಶ್ದಿಯ ಪ್ರಚಾರದ ಲಾರಿ, ಗುಂಡಿಯನ್ನು ತಪ್ಪಿಸಿಕೊಂಡು, ಗೋಡೆಗೆ ಅಂಟಿಕೊಂಡೇ ಬಂದು ಅವನ ಬಾಲ್ಕನಿಯ ಕೆಳಗೆ ನಿಂತಿತು. ಅದರಲ್ಲಿ ಮೂರು ಮಂಚ, ಹತ್ತಾರು ಪಾತ್ರೆ, ಒಂದು ಕೋಳಿಗೂಡು. ನಡುವೆ ರಾಣಿಯಂತೆ ಕೂತ ಇಜ್ಲಾಲ್, ಪಕ್ಕದಲ್ಲಿ ಉಳಿದಿಬ್ಬರು ಅಕ್ಕಂದಿರು.

"ಆ ಮನೆ ಬಿಟ್ಟುಕೊಟ್ಟು ಬಂದ್ವಿ ಕಣೋ ಲುತ್ಫೀ!" ಇಜ್ಲಾಲ್ ಕೆಳಗಿನಿಂದ ಕೂಗಿದಳು. "ಸೀದಿ ಮೆಟ್ಟಿದ ಮನೆ ಇರುವಾಗ ನಮಗೆ ಬೇರೆ ಮನೆ ಯಾಕೆ? ಅಯ್ಯೋ, ಸಂಜೆ ಗಾಳೀಲಿ ಬರಿ ತಲೇಲಿ ನಿಂತಿದಾನೆ ನೋಡು! ಬುಟ್ಟಿ ಇಳಿಸೋ!"

ಲುತ್ಫಿ ಬುಟ್ಟಿ ಇಳಿಸಿದ. ಇಜ್ಲಾಲ್ ಲಾರಿಯ ಮೇಲೆ ಎದ್ದು ನಿಂತು, ಮಡಿಲಿನಿಂದ ಏನನ್ನೋ ತೆಗೆದು, ತಂತಿಯ ಕೊಕ್ಕೆಗೇ ಸಿಕ್ಕಿಸಿದಳು.

ಇಡೀ ಬೀದಿ ಮತ್ತೆ ಉಸಿರು ಬಿಗಿಹಿಡಿದು ತಲೆಯೆತ್ತಿತು. ಎಲ್ಲರ ಕಣ್ಣೆದುರಲ್ಲಿ ಕಂದು ಉಣ್ಣೆಯ ಟೋಪಿ ನಿಧಾನವಾಗಿ ಮೂರನೇ ಮಹಡಿಗೆ ಏರಿತು. ಲುತ್ಫಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆಗೆ ಹಾಕಿಕೊಂಡು, ಬಾಗಿಲು ತೆಗೆಯಲು ಹೋದ.